ಸಂತೇಪೇಟೆಯ ತುಂಡು ಹಗ್ಗವೂ ಕೆರೆಯ ಕೊರವ ಮೀನೂ

ಹಾಸನದ ಸಂತೇಪೇಟೆಯ ಹಗ್ಗದಂಗಡಿಯೊಂದು ತೂಕದ ಲೆಕ್ಕದಲ್ಲಿ ತುಂಡು ಹಗ್ಗಗಳನ್ನು ಮಾರುತ್ತದೆ. ಅವುಗಳಿಂದ ಗಾಳಕ್ಕೆ ಹಾಕುವ ಹುಸಿ ಎರೆಯನ್ನು, ಅಂದರೆ ಲ್ಯೂರನ್ನು, ಮನೆಯಲ್ಲೇ ಮಾಡಿಕೊಳ್ಳಬಹುದೇ, ಮಾಡಿಕೊಂಡರೆ ಅದು ಕೊಂಡು ತಂದ ಲ್ಯೂರಿನ ಎದುರು ನಿಲ್ಲುತ್ತದೆಯೇ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಅಂಗಡಿಯವರು ಈ ಮಾಲನ್ನು ಮೀನು ಹಿಡಿಯುವವರಿಗೆಂದು ಮಾರುತ್ತಿಲ್ಲ. ಲಾರಿಯ ಟಾರ್ಪಾಲು ಬಿಗಿಯುವವರಿಗೆ, ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುವವರಿಗೆ, ಮೆಣಸು ಬಿಡಿಸಲು ಏಣಿ ಕಟ್ಟುವವರಿಗೆ ಅಳತೆಯಂತೆ ಕತ್ತರಿಸಿ ಕೊಟ್ಟ ಮೇಲೆ ಉಳಿಯುವ ಮೊಳ, ಅರ್ಧ ಮೊಳದ ಚೂರುಗಳೇ ಈ ಮಾಲು. ಆದ್ದರಿಂದ ಅದು ಲ್ಯೂರಿಗೆ ಒಗ್ಗದೆ ಹೋದರೆ ಅಂಗಡಿಯನ್ನು ದೂರುವಂತಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಚೀಲದಲ್ಲಿ ಇರುವುದರಲ್ಲಿ ಹೆಚ್ಚಿನ ಪಾಲು ನಮ್ಮ ಕೆಲಸಕ್ಕೆ ಬಾರದು, ಆದರೆ ಕೆಲಸಕ್ಕೆ ಬರುವ ಸ್ವಲ್ಪ ಭಾಗದಿಂದ ಮಾಡಿದ ಲ್ಯೂರು, ಜೊಂಡು ಮತ್ತು ತಾವರೆ ಎಲೆ ತುಂಬಿದ ನಮ್ಮ ಕಡೆಯ ಕೆರೆಗಳಲ್ಲಿ ಕೊರವ ಮೀನಿನ ಮಟ್ಟಿಗೆ ಯಾವ ದುಬಾರಿ ಲ್ಯೂರಿಗೂ ಕಡಿಮೆಯಿಲ್ಲ. ಒಂದೇ ಷರತ್ತು ಏನೆಂದರೆ, ಕಾಸು ಉಳಿಸುವುದಿದ್ದರೆ ಲ್ಯೂರಿನ ಮೈಯಲ್ಲಿ ಉಳಿಸಬೇಕು, ಕೊಕ್ಕೆಯಲ್ಲಿ ಉಳಿಸಬಾರದು.

ಅಂಗಡಿಯ ವ್ಯವಹಾರ ಸರಳವಾಗಿದೆ. ತಕ್ಕಡಿಯ ಪಕ್ಕದಲ್ಲಿ ಬಾಯಿ ತೆರೆದ ಗೋಣಿಚೀಲವೊಂದು ನಿಂತಿರುತ್ತದೆ. ಅದರೊಳಗೆ ನೀಲಿ, ಹಳದಿ, ಹಸಿರು, ಬಿಳಿ ಚೂರುಗಳು ಒಂದಕ್ಕೊಂದು ತೊಡರಿಕೊಂಡು ಬಿದ್ದಿರುತ್ತವೆ. ವಿಚಾರಿಸಿದರೆ ಯಜಮಾನರು ತಲೆಯೆತ್ತದೆ, "ತುಂಡು ಮಾಲು ಸಾರ್, ಗ್ಯಾರಂಟಿ ಕೇಳ್ಬೇಡಿ, ನೀವೇ ನೋಡ್ಕೊಂಡು ಆರಿಸ್ಕೊಳ್ಳಿ" ಎನ್ನುತ್ತಾರೆ. ಆರಿಸಲು ಬಿಡುವುದೇ ಈ ಅಂಗಡಿಯ ದೊಡ್ಡ ಗುಣ. ಇಂಥ ಮಾಲನ್ನು ಕಟ್ಟು ಕಟ್ಟಿ, ಬಿಚ್ಚಿ ನೋಡಲು ಬಿಡದೆ ಮಾರುವ ಕಡೆ ಕೊಳ್ಳದಿರುವುದೇ ಲೇಸು, ಏಕೆಂದರೆ ಯಾವ ನಾರಿನ ಹಗ್ಗ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಒಂದು ಬೊಗಸೆ ತುಂಡುಗಳಿಗೆ ಹೋಟೆಲಿನಲ್ಲಿ ಇಬ್ಬರು ತಿಂಡಿ ತಿಂದಷ್ಟು ಹಣವೂ ಆಗುವುದಿಲ್ಲ. ಕೆಲವು ಚೂರುಗಳಿಗೆ ಡೀಸೆಲ್ ವಾಸನೆ ಹತ್ತಿರುತ್ತದೆ ಎಂಬುದನ್ನು ಗಮನಿಸಬೇಕು. ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೂ ಪೂರ್ತಿ ಹೋಗದ ಆ ವಾಸನೆಯ ಹಗ್ಗವನ್ನು ನಾನು ಲ್ಯೂರಿಗೆ ಬಳಸುವುದಿಲ್ಲ.

ಆರಿಸುವಾಗ ಕಣ್ಣು ಸಾಲದು, ನೀರು ಮತ್ತು ಬೆಂಕಿ ಎರಡೂ ಬೇಕು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ನೈಲಾನಿನದು ಸುಮಾರು 1.14, ಪಾಲಿಯೆಸ್ಟರಿನದು 1.38, ಪಾಲಿಪ್ರೊಪಿಲೀನಿನದು 0.91. ಹೀಗಾಗಿ ಮೊದಲ ಎರಡು ನೀರಿನಲ್ಲಿ ಮುಳುಗುತ್ತವೆ, ಮೂರನೆಯದು ತೇಲುತ್ತದೆ. ಚೂರಿನೊಳಗೆ ಸಿಕ್ಕಿಕೊಂಡ ಗಾಳಿ ದಾರಿ ತಪ್ಪಿಸುವುದರಿಂದ, ಅದನ್ನು ನೀರಿನೊಳಗೇ ಬೆರಳಿನಿಂದ ಚೆನ್ನಾಗಿ ಹಿಂಡಿ ಬಿಟ್ಟು ನೋಡಬೇಕು. ಮುಳುಗಿದ ಎರಡರಲ್ಲಿ ಯಾವುದು ಯಾವುದೆಂದು ತಿಳಿಯಲು ತುದಿಗೆ ಬೆಂಕಿ ತಾಗಿಸಿದರೆ ಸಾಕು: ಪಾಲಿಯೆಸ್ಟರ್ ಕಪ್ಪು ಹೊಗೆ ಮತ್ತು ಮಸಿ ಬಿಡುತ್ತದೆ, ನೈಲಾನ್ ಅಷ್ಟು ಹೊಗೆಯಿಲ್ಲದೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ತೇಲುವ ಪಾಲಿಪ್ರೊಪಿಲೀನ್ ಮೇಣದಬತ್ತಿಯ ವಾಸನೆ ಕೊಡುತ್ತದೆ ಮತ್ತು ಬೇಗ, ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲೇ, ಕರಗುತ್ತದೆ. ಹತ್ತಿಯ ಹಗ್ಗ, ಗೋಣಿ ದಾರ, ಆಲೂಗೆಡ್ಡೆ ಚೀಲದ ಬಾಯಿ ಹೊಲಿಯುವ ದಾರ ಇವೆಲ್ಲ ನೀರು ಕುಡಿದು ಕೊಳೆಯುವಂಥವು. ಅವನ್ನು ಚೀಲದಲ್ಲೇ ಬಿಡಬಹುದು.

ಹುಡುಕಬೇಕಾದ್ದು ಪ್ಯಾರಾಕಾರ್ಡ್ ಜಾತಿಯ ಹಗ್ಗವನ್ನು. ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳು ಟೆಂಟು ಕಟ್ಟಲು ಕೊಳ್ಳತೊಡಗಿದ ಮೇಲೆ ಇದು ನಮ್ಮ ಪೇಟೆಯ ಹಗ್ಗದಂಗಡಿಗಳಿಗೂ ಬಂದಿದೆ, ಅಂಗಡಿಯವರು ಇದನ್ನು ಟೆಂಟ್ ಹಗ್ಗವೆಂದೇ ಕರೆಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಪ್ಯಾರಾಚೂಟಿನ ತೂಗುದಾರವಾಗಿ ಬಳಸಿದ ನೈಲಾನ್ ಹಗ್ಗದ ವಂಶ ಇದು. ಅದರ ಪ್ರಸಿದ್ಧ ಬಗೆಯು 550 ಪೌಂಡ್, ಅಂದರೆ ಸುಮಾರು 250 ಕೆ.ಜಿ. ಎಳೆತವನ್ನು ತಡೆಯುವುದರಿಂದ ಅದಕ್ಕೆ ಆ ಸಂಖ್ಯೆಯೇ ಹೆಸರಾಗಿ ನಿಂತಿದೆ. ಸುಮಾರು 4 ಮಿ.ಮೀ. ದಪ್ಪದ ಈ ಹಗ್ಗಕ್ಕೆ ಹೊರಗೆ ಹೆಣೆದ ತೊಗಲು, ಒಳಗೆ ಬಿಡಿಬಿಡಿಯಾದ ಏಳು ಎಳೆಗಳು ಇರುತ್ತವೆ. ಪ್ರತಿ ಎಳೆಯೂ ಎರಡು ಅಥವಾ ಮೂರು ಸಣ್ಣ ನೂಲುಗಳ ಹೊಸೆತ. ಒಳಗೆ ತಿರುಳೆಂದು ಹಿಂಜಿದ ಪ್ಲಾಸ್ಟಿಕ್ ಜುಂಗನ್ನು ತುಂಬಿದ ಅಗ್ಗದ ನಕಲುಗಳೂ ಅದೇ ಚೀಲದಲ್ಲಿ ಇರುತ್ತವೆ. ತುದಿಯನ್ನು ಹಿಂದಕ್ಕೆ ಸರಿಸಿ ಒಳಗಿನ ಎಳೆಗಳನ್ನು ಎಣಿಸಿದರೆ ಅಸಲಿ ಯಾವುದು ಎಂಬುದು ಅಲ್ಲೇ ತಿಳಿಯುತ್ತದೆ, ಯಜಮಾನರನ್ನು ಕೇಳುವ ಅಗತ್ಯವೇ ಇಲ್ಲ.

ಲ್ಯೂರಿಗೆ ಬೇಕಾದ್ದು ಆ ಹಗ್ಗದ ಬಲವಲ್ಲ, ಅದರ ರಚನೆ. ಎಂಟು ಸೆಂಟಿಮೀಟರಿನ ತುಂಡನ್ನು ಕತ್ತರಿಸಿ ಒಳಗಿನ ಎಳೆಗಳನ್ನು ಒಂದೊಂದಾಗಿ ಹೊರಕ್ಕೆ ಎಳೆದರೆ ಉಳಿಯುವುದು ಟೊಳ್ಳಾದ, ಮೆತ್ತನೆಯ ಕೊಳವೆ. ಅದರ ಒಂದು ಬಾಯಿಯನ್ನು ಲೈಟರಿನ ಜ್ವಾಲೆಗೆ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು ಮಾತ್ರ ಹಿಡಿಯಬೇಕು. ಎಳೆಗಳ ತುದಿ ಬೆಸೆದುಕೊಂಡು ಮುಂದೆ ಬಿಚ್ಚದಂತಾಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಅಲ್ಲಿ ಗಾಜಿನಂಥ ಗಟ್ಟಿ ಅಂಚು ಮೂಡುತ್ತದೆ, ಗಂಟಿಗೆ ಆ ಅಂಚು ಉಜ್ಜುತ್ತಾ ಹೋದರೆ ಗಾಳದ ದಾರವೇ ಸವೆದು ತುಂಡಾಗುವ ಅಪಾಯವಿದೆ. ಬಳಿಕ ಎರೆಹುಳು ಸಿಕ್ಕಿಸುವ ಹಾಗೆಯೇ ಕೊಕ್ಕೆಯ ಮೊನೆಯನ್ನು ಆ ಬಾಯಿಂದ ಒಳಗೆ ತೂರಿಸಿ, ಸುಮಾರು ಮೂರು ಸೆಂಟಿಮೀಟರ್ ಒಳಗೇ ಸಾಗಿಸಿ, ಪಕ್ಕದ ಹೆಣಿಗೆಯ ಸಂದಿನಿಂದ ಹೊರತೆಗೆದು, ಕೊಕ್ಕೆಯ ಉಂಗುರ ಕೊಳವೆಯ ಬಾಯಿಗೆ ಬಂದು ನಿಲ್ಲುವ ತನಕ ಎಳೆಯಬೇಕು. ಉಂಗುರದ ಹಿಂದೆ ಬಿಗಿಯಾಗಿ ಸುತ್ತಿ ಕಟ್ಟಲು ಬೇರೆ ದಾರ ಹುಡುಕಬೇಕಾಗಿಲ್ಲ, ಈಗ ತಾನೇ ಹೊರತೆಗೆದ ಎಳೆಯ ಒಂದು ನೂಲೇ ಸಾಕು. ಸುತ್ತಿನ ಮೇಲೆ ಎಪಾಕ್ಸಿ ಅಂಟಿನ ತೆಳುವಾದ ಲೇಪ ಕೊಟ್ಟು ರಾತ್ರಿ ಒಣಗಲು ಬಿಡಬೇಕು. ಕ್ಷಣದಲ್ಲಿ ಹಿಡಿಯುವ ಅಂಟು ಅವಸರದವರಿಗೆ ಪ್ರಿಯವಾದರೂ ಅದು ಒಣಗಿದ ಮೇಲೆ ಪೆಡಸಾಗಿ, ಮೀನು ಎರಡು ಸಲ ಕಚ್ಚಿ ಒದರಿದರೆ ಸೀಳಿಬಿಡುತ್ತದೆ.

ಇನ್ನು ಬಾಲ. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೊಂದೇ. ಕೊಕ್ಕೆಯ ಹಿಂದೆ ಉಳಿದ ನಾಲ್ಕೈದು ಸೆಂಟಿಮೀಟರನ್ನು ದಬ್ಬಳದ ಮೊನೆಯಿಂದ ಹೆಣಿಗೆ ಬಿಡಿಸುತ್ತಾ ಹೋದರೆ, ಮೊದಲು ಅಂಕುಡೊಂಕಾದ ನೂಲುಗಳು ಏಳುತ್ತವೆ. ಅವನ್ನು ಹೇನಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಾಚಿದಂತೆ ಪ್ರತಿ ನೂಲೂ ಒಡೆದು, ಕೂದಲಿಗಿಂತ ಸಣ್ಣದಾದ ನಾರುಗಳ ಕುಚ್ಚಾಗುತ್ತದೆ. ಬುಡದಿಂದಲೇ ಬಾಚತೊಡಗಿದರೆ ಗಂಟು ಬೀಳುವುದು ಖಚಿತ. ನೂಲುಗಳ ಅಂಕುಡೊಂಕು ಹೋಗಿ ನೇರವಾಗಬೇಕೆಂದರೆ ಕುದಿಯುವ ನೀರಿನ ಹಬೆಗೆ ಹಿಡಿಯಬಹುದು. ನಾನು ಅದನ್ನು ಹಾಗೆಯೇ ಬಿಡುವುದನ್ನು ಇಷ್ಟಪಡುತ್ತೇನೆ, ಏಕೆಂದರೆ ಆ ಡೊಂಕಿನಿಂದಲೇ ಕುಚ್ಚು ನೀರಿನಲ್ಲಿ ಅರಳಿ ನಿಲ್ಲುತ್ತದೆ. ಎಳೆದಾಗ ಮುದುಡಿಕೊಂಡು, ನಿಲ್ಲಿಸಿದ ಕೂಡಲೇ ಮೆಲ್ಲಗೆ ಬಿಚ್ಚಿಕೊಳ್ಳುವ ಈ ಗುಣ ಅಂಗಡಿಯ ರಬ್ಬರ್ ಲ್ಯೂರುಗಳಿಗೆ ಇಲ್ಲ. ನೀರು ಹೀರಿದ ನೈಲಾನ್ ಇನ್ನಷ್ಟು ಮೆತ್ತಗಾಗುವುದರಿಂದ ಮೊದಲ ಎಸೆತಗಳಿಗಿಂತ ಅನಂತರದ ಎಸೆತಗಳಲ್ಲೇ ಬಾಲದ ಆಟ ಚೆನ್ನಾಗಿರುತ್ತದೆ.

ಬಣ್ಣದ ವಿಷಯದಲ್ಲಿ ತುಂಡು ಮಾಲಿನ ಮಿತಿ ಎದ್ದು ಕಾಣುತ್ತದೆ. ಸಿಕ್ಕಿದ್ದರಲ್ಲಿ ಹೆಚ್ಚಿನವು ಕಣ್ಣು ಕುಕ್ಕುವ ಕಿತ್ತಳೆ ಅಥವಾ ನೀಲಿ. ಕಪ್ಪೆಗೂ ಮರಿಮೀನಿಗೂ ಹೋಲುವ ಹಸಿರು, ಕಂದು, ಕಪ್ಪು ಬಣ್ಣದ ಚೂರುಗಳು ಅಪರೂಪ. ಆದರೆ ಬಿಳಿ ನೈಲಾನ್ ಸಿಕ್ಕರೆ ಅದೃಷ್ಟವೆನ್ನಬೇಕು. ಆಮ್ಲದ ಜೊತೆ ಕಾಯಿಸಿದರೆ ನೈಲಾನ್ ಬಣ್ಣವನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಸ್ವಲ್ಪ ವಿನೆಗರ್ ಬೆರೆಸಿದ ಗಟ್ಟಿ ಕಾಫಿ ಡಿಕಾಕ್ಷನ್ನಿನಲ್ಲಿ ಕುದಿಸಿದರೂ ಕೆರೆಯ ಕೆಸರಿಗೆ ಹೊಂದುವ ಕಂದು ಬಣ್ಣ ಬರುತ್ತದೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಇದಕ್ಕಿಂತ ಸುಲಭದ ಬಣ್ಣ ಬೇರೆ ಇಲ್ಲ, ಪಾತ್ರೆ ಮಾತ್ರ ಅಡುಗೆಮನೆಯದಾಗದಿರಲಿ. ಪಾಲಿಪ್ರೊಪಿಲೀನಿಗೆ ಈ ಉಪಾಯ ನಡೆಯುವುದಿಲ್ಲ. ಅದು ಯಾವ ಮನೆಬಣ್ಣವನ್ನೂ ಹಿಡಿಯದು.

ಹಾಗೆಂದು ತೇಲುವ ಹಗ್ಗವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೊರವ ಮೀನು, ಪೇಟೆಯ ಮೀನಂಗಡಿಯವರ ಮಾತಿನಲ್ಲಿ ಮರಲ್, ಕಿವಿರಿನ ಜೊತೆಗೆ ತಲೆಯ ಮೇಲ್ಭಾಗದ ಕೋಣೆಯಂಥ ಅಂಗದಿಂದ ನೇರವಾಗಿ ಗಾಳಿಯನ್ನು ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕಾದ್ದರಿಂದ ಅದು ಮೇಲ್ಮೈಯ ಚಲನೆಗೆ ಸದಾ ಎಚ್ಚರವಾಗಿರುತ್ತದೆ, ಅಂತರಗಂಗೆಯ ನಡುವಿನ ಬಯಲಲ್ಲಿ ಕಪ್ಪೆ ಜಿಗಿದರೆ ಬಿಡುವುದಿಲ್ಲ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಹೆಬ್ಬೆಟ್ಟಿನ ಗಾತ್ರಕ್ಕೆ, ಮುಂದೆ ಚೂಪಾಗಿ ಹಿಂದೆ ಅಗಲವಾಗಿ ಕತ್ತರಿಸಿ, ಅದರ ಅಡಿಯನ್ನು ಸೀಳಿ ಎರಡು ಮೊನೆಯ ಕೊಕ್ಕೆಯನ್ನು ಮೊನೆಗಳು ಮೇಲ್ಮುಖವಾಗಿ ಬೆನ್ನಿಗೆ ಅಪ್ಪಿಕೊಳ್ಳುವಂತೆ ಕೂರಿಸಿ, ಹಿಂದಿನಿಂದ ಎರಡು ತೇಲುವ ಹಗ್ಗದ ಚೂರುಗಳನ್ನು ಕಾಲುಗಳಾಗಿ ತೂರಿಸಿದರೆ ಕಪ್ಪೆ ಸಿದ್ಧ. ಕಾಲಿಗೆ ನೈಲಾನ್ ಹಾಕಿದರೆ ಅದು ನೀರು ಕುಡಿದು ಹಿಂಭಾಗವನ್ನು ಜಗ್ಗುತ್ತದೆ, ಕಪ್ಪೆ ಕುಳಿತಂತೆ ಕಾಣುತ್ತದೆಯೇ ಹೊರತು ಈಜಿದಂತೆ ಕಾಣುವುದಿಲ್ಲ. ಮೊನೆಗಳು ಬೆನ್ನಿಗೆ ಅಂಟಿಕೊಂಡೇ ಇರುವುದರಿಂದ ಎಲೆಗಳ ಮೇಲೆ ಹರಿದಾಡುವಾಗ ಕಳೆ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಮೆತ್ತನೆಯ ಅಟ್ಟೆ ಅಮುಕಿಕೊಂಡು ಮೊನೆಗಳು ಹೊರಬರುತ್ತವೆ. ಗಟ್ಟಿ ಅಟ್ಟೆಯಾದರೆ ಈ ಅಮುಕುವಿಕೆ ಆಗದು, ಆದ್ದರಿಂದ ತೀರಾ ಸವೆದ, ಮೆತ್ತನೆಯ ಚಪ್ಪಲಿಯೇ ಉತ್ತಮ.

ನೀರಿನಲ್ಲಿ ಇವೆರಡರ ನಡವಳಿಕೆ ಬೇರೆ ಬೇರೆ. ಬೇಲೂರಿನ ಯಗಚಿ ಜಲಾಶಯದ ಅಂಚಿನಲ್ಲಿ, ಸಖರಾಯಪಟ್ಟಣದ ಅಯ್ಯನಕೆರೆಯಂಥ ಹಳೆಯ ಕೆರೆಗಳ ಜೊಂಡಿನ ಬದಿಯಲ್ಲಿ ಚಪ್ಪಲಿ ಕಪ್ಪೆಗೇ ಪ್ರಾಶಸ್ತ್ಯ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ, ಬೇಸಿಗೆಗೆ ನೀರು ಇಳಿದು ಶೆಟ್ಟಿಹಳ್ಳಿಯ ಹಳೆಯ ಚರ್ಚು ಪೂರ್ತಿ ಬಯಲಿಗೆ ಬರುವ ಹೊತ್ತಿಗೆ ಕಳೆಯಿಲ್ಲದ ತೆರೆದ ದಡ ಸಿಗುವುದರಿಂದ ಅಲ್ಲಿ ಮುಳುಗುವ ಕುಚ್ಚಿನ ಲ್ಯೂರಿಗೆ ಅವಕಾಶ ಹೆಚ್ಚು. ಕುಚ್ಚನ್ನು ಎಸೆದು ತಳ ಮುಟ್ಟಲು ಬಿಟ್ಟು, ಗೇಣುದ್ದ ಎಳೆದು ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಬೇಕು. ಕಚ್ಚು ಬೀಳುವುದು ಎಳೆಯುವಾಗಲ್ಲ, ಬಹುಮಟ್ಟಿಗೆ ನಿಂತಾಗ. ಕಪ್ಪೆಯ ವಿಷಯದಲ್ಲಿ ನೀರು ಒಡೆದ ಸದ್ದಿಗೇ ಕೋಲನ್ನು ಎತ್ತಿದರೆ ಲ್ಯೂರು ಬರಿದಾಗಿ ಮುಖಕ್ಕೆ ಹಾರಿಬರುತ್ತದೆ. ದಾರ ಬಿಗಿದು ಭಾರ ತಿಳಿದ ಮೇಲೆ ಎತ್ತಬೇಕು. ಈ ತಾಳ್ಮೆ ಕೊಂಡ ಕಪ್ಪೆಗೂ ಬೇಕು, ಮಾಡಿದ ಕಪ್ಪೆಗೂ ಬೇಕು.

ಕೊಂಡ ಲ್ಯೂರಿಗೆ ಹೋಲಿಸಿದರೆ ದೋಷಗಳಿಲ್ಲವೆಂದಲ್ಲ. ನೆನೆದ ಕುಚ್ಚು ಗಾಳಿಯಲ್ಲಿ ಹಾರುವಾಗ ನೀರು ಚೆಲ್ಲುತ್ತಾ ಹೋಗಿ ದೂರ ಕಡಿಮೆಯಾಗುತ್ತದೆ, ಹಗುರವಾದ ಕೋಲಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ನಾರುಗಳು ಪಾಚಿಯನ್ನು ಹಿಡಿದುಕೊಳ್ಳುತ್ತವೆ. ಪ್ರತಿ ಎಸೆತದ ಬಳಿಕ ಬೆರಳಿನಿಂದ ಸವರಿ ಬಿಡಿಸದಿದ್ದರೆ ಮೀನಿನ ಕಣ್ಣಿಗೆ ಅದು ಬರೀ ಕಸ. ಒಂದೇ ಅಳತೆಯಲ್ಲಿ ಕತ್ತರಿಸಿದ ಎರಡು ಕಪ್ಪೆಗಳೂ ಒಂದೇ ಬಗೆಯಲ್ಲಿ ತೇಲುವುದಿಲ್ಲ, ಒಂದಲ್ಲ ಒಂದು ಪಕ್ಕಕ್ಕೆ ವಾಲುತ್ತದೆ. ಬಕೆಟ್ಟಿನಲ್ಲಿ ತೇಲಿಸಿ ನೋಡಿ ವಾಲಿದ ಕಡೆಯ ಎದುರು ಬದಿಯಿಂದ ಅಟ್ಟೆಯನ್ನು ಬ್ಲೇಡಿನಲ್ಲಿ ಸ್ವಲ್ಪ ಸ್ವಲ್ಪವೇ ಹೆರೆಯುತ್ತಾ ಹೋಗಬೇಕು. ಅಚ್ಚಿನಲ್ಲಿ ತಯಾರಾದ ರಬ್ಬರ್ ಕಪ್ಪೆಗೆ ಈ ರಗಳೆ ಇಲ್ಲ. ಆದರೆ ರಬ್ಬರ್ ಕಪ್ಪೆ ಟೊಳ್ಳು. ಕೊರವದ ಹಲ್ಲು ಒಮ್ಮೆ ತೂತು ಮಾಡಿದರೆ ಒಳಗೆ ನೀರು ತುಂಬಿ ಮುಳುಗತೊಡಗುತ್ತದೆ, ನೂರಾರು ರೂಪಾಯಿ ಕೊಟ್ಟದ್ದು ಅಲ್ಲಿಗೆ ಮುಗಿಯಿತು. ಚಪ್ಪಲಿಯ ಅಟ್ಟೆಗೆ ಎಷ್ಟು ಹಲ್ಲು ಬಿದ್ದರೂ ಅದು ತೇಲುತ್ತಲೇ ಇರುತ್ತದೆ. ಬಾಲ ಅಥವಾ ಕಾಲು ಸವೆದರೆ ಹೊಸ ಚೂರು ಹಾಕಿದರಾಯಿತು. ಬಾಳಿಕೆಯ ಮಟ್ಟಿಗೆ ನನ್ನ ಒಲವು ಸಂಪೂರ್ಣವಾಗಿ ಮನೆಯದರ ಕಡೆಗೇ.

ಕೊಕ್ಕೆಯ ಬಗ್ಗೆ ಮೊದಲು ಹೇಳಿದ ಮಾತನ್ನು ಸ್ವಲ್ಪ ವಿವರಿಸಬೇಕು. ಕೊರವದ ಬಾಯಿ ಎಲುಬಿನಿಂದ ಕೂಡಿ ಗಟ್ಟಿಯಾಗಿದೆ. ಸಂತೆಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ತೆಳು ತಂತಿಯ ಕೊಕ್ಕೆಗಳು ಜಿಲೇಬಿ ಮೀನಿಗೆ ಸಾಕಾದರೂ ಇಲ್ಲಿ ನೇರವಾಗಿ ಬಿಚ್ಚಿಕೊಳ್ಳುತ್ತವೆ. 2/0 ಅಥವಾ 3/0 ಅಳತೆಯ ದಪ್ಪ ತಂತಿಯ ಕೊಕ್ಕೆಯನ್ನು ಗಾಳದ ಸಾಮಾನಿನ ಅಂಗಡಿಯಲ್ಲೇ ಕೊಳ್ಳಬೇಕು, ಹಗ್ಗದಂಗಡಿಯಲ್ಲಿ ಅದು ಸಿಗುವುದಿಲ್ಲ. ಕುಚ್ಚಿನ ಲ್ಯೂರನ್ನು ಮುಳುಗಿಸಲು ಬೇಕಾದ ಭಾರಕ್ಕೆ ಸೀಸದ ಗುಂಡಿನ ಬದಲು ಕೊಕ್ಕೆಯ ಮುಂದೆ ಹಿತ್ತಾಳೆಯ ಮಣಿಯನ್ನೋ ಸಣ್ಣ ಕಬ್ಬಿಣದ ನಟ್ಟನ್ನೋ ಪೋಣಿಸಬಹುದು. ಕೆರೆಯ ತಳದಲ್ಲಿ ಉಳಿದ ಸೀಸದ ಗುಂಡುಗಳನ್ನು ಕಲ್ಲಿನ ಹರಳೆಂದು ನುಂಗಿದ ನೀರುಹಕ್ಕಿಗಳು ವಿಷವೇರಿ ಸಾಯುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹಾಗೆ ಸಾಯತೊಡಗಿದ ಮೇಲೆ 1987ರಿಂದ ಸಣ್ಣ ಅಳತೆಯ ಸೀಸದ ಗುಂಡುಗಳ ಮಾರಾಟವನ್ನೇ ನಿಷೇಧಿಸಿದರು. ಮನೆಯಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಹವ್ಯಾಸವನ್ನಂತೂ, ಮಕ್ಕಳಿರುವ ಮನೆಯಲ್ಲಿ ವಿಶೇಷವಾಗಿ, ಬಿಡಲೇಬೇಕು.

ಕೊಕ್ಕೆಯೇ ಇಲ್ಲದ ಹಗ್ಗದ ಲ್ಯೂರೂ ಒಂದಿದೆ. ಅಮೆರಿಕದಲ್ಲಿ ಗಾರ್ ಎಂಬ ಉದ್ದ ಮೂತಿಯ ಮೀನಿಗೆ ಬರೀ ಹಿಂಜಿದ ನೈಲಾನ್ ಹಗ್ಗವನ್ನು ಎಸೆಯುತ್ತಾರೆ. ಸೂಜಿಯಂಥ ನೂರಾರು ಹಲ್ಲುಗಳಿಗೆ ನಾರು ಸುತ್ತಿಕೊಂಡು ಮೀನು ತಾನಾಗಿಯೇ ಸಿಕ್ಕಿಬೀಳುತ್ತದೆ. ಗಟ್ಟಿ ಎಲುಬಿನ ಅದರ ಮೂತಿಗೆ ಕೊಕ್ಕೆ ಇಳಿಯುವುದು ಕಷ್ಟವಾದ್ದರಿಂದ ಅಲ್ಲಿ ಅದು ಸಹಜವಾದ ಉಪಾಯ. ಇದನ್ನು ವಿಡಿಯೋದಲ್ಲಿ ಕಂಡು ನಮ್ಮ ಬಾಳೆ ಮೀನಿಗೆ ಪ್ರಯೋಗಿಸಲು ಹೊರಡುವವರಿಗೆ ನಾನು ಬೇಡವೆನ್ನುತ್ತೇನೆ. ದಾರ ಹರಿದು ಮೀನು ತಪ್ಪಿಸಿಕೊಂಡರೆ ಹಲ್ಲುಗಳ ನಡುವೆ ಸುತ್ತಿಕೊಂಡ ನೈಲಾನ್ ಕೊಳೆಯುವುದಿಲ್ಲ, ಬಾಯಿ ಬಿಗಿದ ಮೀನು ತಿನ್ನಲಾರದೆ ಸಾಯುತ್ತದೆ. ಅದೇ ಕಾರಣಕ್ಕೆ ಕುಚ್ಚಿನ ಉದ್ದವನ್ನು ಐದು ಸೆಂಟಿಮೀಟರಿಗಿಂತ ಹೆಚ್ಚಿಸಬಾರದು, ಬಾಚುವಾಗ ಉದುರಿದ ನಾರನ್ನು ದಡದಲ್ಲಿ ಬಿಟ್ಟು ಬರಬಾರದು.

ಎಲ್ಲಿ ಎಸೆಯಬಹುದು ಎಂಬುದನ್ನೂ ಹೇಳದೆ ಈ ವಿಮರ್ಶೆ ಪೂರ್ಣವಾಗದು. ನಮ್ಮ ಕೆರೆಗಳಲ್ಲಿ ಹಲವನ್ನು ಮೀನು ಸಾಕಣೆಗೆ ಗುತ್ತಿಗೆ ಕೊಟ್ಟಿರುತ್ತಾರೆ. ಪಂಚಾಯಿತಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಗುತ್ತಿಗೆದಾರರ ಒಪ್ಪಿಗೆ ಪಡೆದೇ ಗಾಳ ಹಾಕಬೇಕು. ಜಲಾಶಯಗಳಲ್ಲಿ ಪರವಾನಗಿ ಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮತ್ಸ್ಯಧಾಮ, ಶೃಂಗೇರಿಯಲ್ಲಿ ತುಂಗೆಯ ದೇವರ ಮೀನುಗಳ ತಾಣ, ಇವೆರಡರ ಬಳಿ ಕೋಲನ್ನು ಬಿಚ್ಚುವುದೇ ತಪ್ಪು. ಕಾವೇರಿ ಕೊಳ್ಳದ ದೊಡ್ಡ ಬಿಳಿ ಮೀನನ್ನು, ಅಂದರೆ ಗೂನು ಬೆನ್ನಿನ ಮಹಶೀರನ್ನು, 2018ರಲ್ಲಿ ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿಗೆ ಸೇರಿಸಲಾಗಿದೆ. ಹೇಮಾವತಿಯಲ್ಲಿ ಅಂಥದ್ದೇನಾದರೂ ಆಕಸ್ಮಿಕವಾಗಿ ಕಚ್ಚಿದರೆ ನೀರಿನಲ್ಲಿಟ್ಟೇ ಕೊಕ್ಕೆ ಬಿಡಿಸಿ ಬಿಡಬೇಕು. ಕೊರವದಲ್ಲೂ ಒಂದು ಕಾಲವಿದೆ: ಮಳೆಗಾಲದಲ್ಲಿ ನೀರಿನ ಮೇಲೆ ಕೆಂಬಣ್ಣದ ಸಣ್ಣ ಮರಿಗಳ ಗುಂಪು ಕುದಿಯುವಂತೆ ಕದಲುತ್ತಿದ್ದರೆ ಅದರ ಅಡಿಯಲ್ಲಿ ತಾಯಿ ತಂದೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಲ್ಯೂರು ಬಿದ್ದರೆ ಹಸಿವಿಲ್ಲದಿದ್ದರೂ ಅವು ಕೋಪದಿಂದ ಕಚ್ಚುತ್ತವೆ, ಹಾಗೆ ಹಿಡಿದರೆ ಇಡೀ ಮರಿಗಳ ಗುಂಪು ಬೇರೆ ಮೀನುಗಳ ಬಾಯಿ ಪಾಲಾಗುತ್ತದೆ. ಹಿಡಿಯುವುದು ತೀರಾ ಸುಲಭ ಎಂಬುದೇ ಆಗ ಎಸೆಯದಿರಲು ಸಾಕಾದ ಕಾರಣ.

ಕೊನೆಯದಾಗಿ, ಈ ತುಂಡು ಮಾಲು ಯಾರಿಗೆ ಬೇಡ ಎಂಬುದು. ಕಾಟ್ಲಾ, ರೋಹು, ಗೆಂಡೆಗಳಿಗಾಗಿ ಬೆಂಡು ಕಟ್ಟಿ ಕಾಯುತ್ತಾ ಕೂರುವವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅವು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಮೀನುಗಳಲ್ಲ, ಅವಕ್ಕೆ ರಾಗಿ ಹಿಟ್ಟಿನ ಉಂಡೆಯೋ ಹಿಂಡಿಯೋ ಬೇಕು. ಬೇಟೆಯ ಮೀನಿನ ಹಿಂದೆ ಬಿದ್ದವರು ಮಾತ್ರ ಅಂಗಡಿಗೆ ಬೆಳಿಗ್ಗೆ ಬೇಗ, ಜನ ಸೇರುವ ಮುಂಚೆ, ಒಂದು ಲೈಟರು ಮತ್ತು ನೀರು ತುಂಬಿದ ಸಣ್ಣ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಚೂರಿನ ತುದಿಯನ್ನು ಸುಟ್ಟು ನೋಡುವುದನ್ನು ಅಂಗಡಿಯ ಹೊರಗೆ, ರಸ್ತೆಯ ಬದಿಯಲ್ಲಿ ಮಾಡಬೇಕು. ಒಳಗೆ ಮಾಳಿಗೆಯವರೆಗೆ ಜೋಡಿಸಿರುವುದೆಲ್ಲ ಹಗ್ಗವೇ.